ತಳ ನೋಡುವ ಸಾಹೇಬರು

ನಮ್ಮ ಹುಣಸೂರಿನ ಕಚೇರಿಯಲ್ಲಿ ಯಾರಾದರೂ 'ಎಲ್ಲ ಸರಿಯಾಗಿದೆ ಸಾರ್' ಎಂದರೆ ನಮ್ಮ ಸಾಹೇಬರಿಗೆ ಆ ದಿನ ಊಟ ಸೇರುತ್ತಿರಲಿಲ್ಲ. "ಎಲ್ಲ ಸರಿಯಾಗಿ ಅದೆ ಅಂದ್ರೆ ಏನೋ ಮುಚ್ಚಿಟ್ಟವ್ರೆ ಕಣಯ್ಯ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದರು. ಚೆಂಡು ಹೂವು ಕೊಳ್ಳುವ ದೊಡ್ಡ ಕಂಪನಿಯೊಂದರ ಶಾಖೆಗೆ ಅವರು ಮ್ಯಾನೇಜರು, ನಾನು ಅವರ ಕೈಕೆಳಗಿನ ಫೀಲ್ಡ್ ಆಫೀಸರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಸರಗೂರು ಕಡೆಯ ರೈತರು ಕಂಪನಿ ಕೊಟ್ಟ ಬೀಜ ಹಾಕಿ ಹೂ ಬೆಳೆದು ಕಂಪನಿಗೇ ಕೊಡಬೇಕು, ನಾವು ಅದನ್ನು ಲಾರಿಗೆ ತುಂಬಿ ಕಾರ್ಖಾನೆಗೆ ಕಳಿಸಬೇಕು. ಅಲ್ಲಿ ಹೂವಿನಿಂದ ಬಣ್ಣ ತೆಗೆಯುತ್ತಾರೆ. ಮೊಟ್ಟೆಯೊಳಗಿನ ಹಳದಿ ಇನ್ನಷ್ಟು ಹಳದಿಯಾಗಲಿ ಎಂದು ಅದನ್ನು ಕೋಳಿ ಮೇವಿಗೆ ಬೆರೆಸುತ್ತಾರಂತೆ. ಈ ವಿಷಯ ತಿಳಿದ ದಿನದಿಂದ ಅವರು ಮೊಟ್ಟೆಯನ್ನೂ ಅನುಮಾನಿಸತೊಡಗಿದರು.

ರೈತರು ಅವರಿಗೆ ಇಟ್ಟಿದ್ದ ಹೆಸರು 'ತಳ ನೋಡೋ ಸಾಹೇಬ್ರು'. ಮೂಟೆ ತೂಕಕ್ಕೆ ಬಂದಾಗ ಉಳಿದವರೆಲ್ಲ ಬಾಯಿ ಬಿಚ್ಚಿ ಮೇಲಿನ ಹೂ ನೋಡುತ್ತಾರೆ. ಇವರು ಅಂಗಿಯ ತೋಳನ್ನು ಭುಜದವರೆಗೆ ಸುತ್ತಿಕೊಂಡು, ಹಸುವಿಗೆ ಹೆರಿಗೆ ಮಾಡಿಸುವ ಡಾಕ್ಟರ ಹಾಗೆ ಮೂಟೆಯೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಹೂ ಎಳೆದು, ಹಿಂಡಿ, ಮೂಸಿ ನೋಡುತ್ತಿದ್ದರು. ತೂಕ ಹೆಚ್ಚಲಿ ಎಂದು ಕೆಲವರು ಹೂವಿಗೆ ನೀರು ಚಿಮುಕಿಸುತ್ತಾರೆ. ಮೇಲಿನದು ಗಾಳಿಗೆ ಆರಿಹೋಗುತ್ತದೆ, ತಳದ್ದು ಆರುವುದಿಲ್ಲ. ಹೂವಿನ ಕಾಲ ಮುಗಿಯುವವರೆಗೂ ಅವರ ಬಲಗೈ ಮೊಣಕೈಯಿಂದ ಕೆಳಗೆ ಹಸಿರುಗಪ್ಪು ಹಿಡಿದಿರುತ್ತಿತ್ತು. ಯಾವ ಸೋಪಿಗೂ ಅದು ಜಗ್ಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಪಕ್ಕ ಕೂತವರು ಆ ಕೈ ನೋಡಿ ತಮ್ಮ ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಳ್ಳುತ್ತಿದ್ದರು.

ಅವರು ಕೆ.ಆರ್. ನಗರದ ಕಡೆಯ ಒಕ್ಕಲು ಮನೆತನದವರು, ಸಾಲಿಗ್ರಾಮದ ದಾರಿಯಲ್ಲಿ ಅವರ ಊರು. ನಾಲೆ ನೀರು ಕುಡಿದು ಬೆಳೆದವರು ಸಾಮಾನ್ಯವಾಗಿ ಸ್ವಲ್ಪ ಧಾರಾಳಿಗಳು. ಇವರಿಗೆ ಆ ನೀರು ಹತ್ತಿದಂತೆ ಕಾಣೆ. ಕಚೇರಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆಯುತ್ತಿದ್ದರು. ಹೋಟೆಲಿಗೆ ಹೋದರೆ ಮೊದಲು ಕೈತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಇಣುಕಿ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿಬರುತ್ತಿದ್ದರು. ಮಗಳಿಗೆ ಗಂಡು ಹುಡುಕುವ ಕಾಲದಲ್ಲಂತೂ ಅವರ ತಲೆಯ ಮೇಲೆ ಕೂದಲೇ ನಿಲ್ಲಲಿಲ್ಲ. ಗಂಡಿನ ಕಡೆಯವರು ಹೇಳಿದ್ದನ್ನು ನಂಬದೆ, ಬ್ರೋಕರ್ ಹೇಳಿದ್ದನ್ನೂ ನಂಬದೆ, ನೆಟ್ಟಗೆ ಗಂಡಿನ ಊರಿಗೆ ಬಸ್ಸು ಹತ್ತಿ, ಅಲ್ಲಿನ ಕ್ಷೌರದಂಗಡಿಯಲ್ಲಿ ಕೂತು ಕಟಿಂಗ್ ಮಾಡಿಸಿಕೊಳ್ಳುತ್ತಿದ್ದರು. ಕತ್ತರಿ ಆಡುತ್ತಿರುವಾಗ ಇಡೀ ಊರಿನ ಜಾತಕ ತಾನಾಗಿಯೇ ಹೊರಬರುತ್ತದೆ ಎನ್ನುವುದು ಅವರ ಲೆಕ್ಕ. ವಾರಕ್ಕೊಂದು ಸಂಬಂಧ ಬಂದರೆ ವಾರಕ್ಕೊಂದು ಕಟಿಂಗು. "ಈ ಸಲ ಯಾವೂರ ಗಂಡು ಸಾರ್?" ಎಂದು ನಾವು ಅವರ ತಲೆ ನೋಡಿಯೇ ಕೇಳುತ್ತಿದ್ದೆವು. "ಪಿರಿಯಾಪಟ್ಟಣದ್ದು ಕಣಯ್ಯ. ಬ್ಯಾಡ. ಅವನು ಅಂಗಡೀಲಿ ಕನ್ನಡಿ ಬುಟ್ಟು ಏಳಕಿಲ್ಲವಂತೆ" ಎಂದು ನೆತ್ತಿ ಸವರಿಕೊಳ್ಳುತ್ತಿದ್ದರು.

ನನ್ನನ್ನೂ ಬಿಟ್ಟವರಲ್ಲ. ನಾನು ಯಾವುದಾದರೂ ಊರಿಗೆ ಹೋಗಿಬಂದೆ ಎಂದರೆ, "ಅರಳಿಕಟ್ಟೆ ಮೇಲೆ ಯಾರು ಕೂತಿದ್ರು?" ಎಂದು ಕೇಳುತ್ತಿದ್ದರು. ಹೆಸರು ಹೇಳಿದರೆ ಸಾಲದು, ಅವರ ಪಕ್ಕ ಯಾರಿದ್ದರು ಎಂದೂ ಹೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದನ್ನು ದಿನಕ್ಕೊಮ್ಮೆಯಾದರೂ ಆಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕ್ರಮೇಣ ನಾನೂ ಊರೊಳಗೆ ಹೋದ ಕೂಡಲೇ ಅರಳಿಕಟ್ಟೆಯ ಮೇಲೆ ಯಾರಿದ್ದಾರೆಂದು ನೋಡತೊಡಗಿದೆ.

ಈ ಅನುಮಾನ ಒಮ್ಮೆ ಅವರನ್ನು ಊರ ಮುಂದೆ ಬಗ್ಗಿಸಿತು. ಸರಗೂರಿನ ಆಚೆ, ಕಾಡಂಚಿನಲ್ಲಿ ಒಂದು ಊರಿದೆ. ಹೆಸರು ಬೇಡ. ಅಲ್ಲಿ ಸಣ್ಣಮ್ಮ ಎನ್ನುವ ಹೆಂಗಸು ತನ್ನ ಹೊಲದಲ್ಲಿ ಹೂ ಬೆಳೆಯುವುದರ ಜೊತೆಗೆ ಊರಿನ ಹೆಂಗಸರ ಗುಂಪು ಕಟ್ಟಿಕೊಂಡು ಎಲ್ಲರ ಹೊಲದ ಹೂವನ್ನೂ ಕೀಳಿಸುತ್ತಿದ್ದಳು. ಒಂದು ಮಳೆಗಾಲ ಅವಳ ಮೂಟೆಗಳು ಬೇರೆಯವರದ್ದಕ್ಕಿಂತ ಭಾರ ಬಂದವು. ಇವರ ಕಣ್ಣು ಕಿರಿದಾಯಿತು. ಕೈ ಹಾಕಿ ನೋಡಿದರು, ಒಣಗಿತ್ತು. ನಂಬಿಕೆ ಬರಲಿಲ್ಲ. ಮೂಟೆಗಳನ್ನೆಲ್ಲ ಟಾರ್ಪಾಲಿನ ಮೇಲೆ ಸುರಿಸಿದರು. ಎಲ್ಲವೂ ಒಣಗಿತ್ತು. ಸಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ನಾನು ಅದುಮಿ ತುಂಬುಸ್ತೀನಿ ಸಾ, ಅದ್ಕೇ ಭಾರ. ನೋಡಿದ್ರಲ್ಲ? ಈಗ ನೀವೇ ತುಂಬಿ" ಎಂದಳು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಕ್ಷಮಿಸು ಎನ್ನಲಿಲ್ಲ, ಅವರಿಗೆ ಆ ಮಾತು ಬರುತ್ತಿರಲಿಲ್ಲ. ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತು ಹೂವನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ತುಂಬಿದರು. ನಾನು ಸಹಾಯಕ್ಕೆ ಹೋದರೆ ಕಣ್ಣಲ್ಲೇ ಗದರಿದರು. ಆಮೇಲೆ ಆ ಊರಿಗೆ ಹೋದಾಗಲೆಲ್ಲ ಸಣ್ಣಮ್ಮನ ಮನೆಯ ಮಜ್ಜಿಗೆ ಕುಡಿಯದೆ ಬರುತ್ತಿರಲಿಲ್ಲ. ಮೂಟೆಯ ತಳ ನೋಡುವುದನ್ನು ಮಾತ್ರ ಅಲ್ಲಿಯೂ ಬಿಡಲಿಲ್ಲ.

ಇಂಥವರ ಶಾಖೆಗೆ ಕಂಪನಿ ಏಜೆಂಟುಗಳನ್ನು ತಂದಿತು. ಕೃತಕ ಬುದ್ಧಿಯ ಏಜೆಂಟುಗಳು. ನಮ್ಮ ಸೀಮೆಯಲ್ಲಿ ಏಜೆಂಟ್ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂಗುವವನು, ವಿಮೆ ಮಾರುವವನು, ಇಲ್ಲವೇ ಶುಂಠಿ ಕೊಳ್ಳಲು ಕೇರಳದವರನ್ನು ಕರೆತರುವವನು. ಯಾರನ್ನೂ ಜನ ಪೂರ್ತಿ ನಂಬುವುದಿಲ್ಲ. ಇವು ಕಣ್ಣಿಗೂ ಕಾಣದವು. ಒಂದು ಏಜೆಂಟು ರೈತರಿಗೆ ಫೋನು ಮಾಡಿ ನಾಳೆ ಹೂ ಕೀಳುತ್ತೀರಾ ಎಂದು ಕೇಳುವುದು. ಇನ್ನೊಂದು ಅವರ ಉತ್ತರ ತೆಗೆದುಕೊಂಡು ಯಾವ ಲಾರಿ ಯಾವ ಊರಿಗೆ ಹೋಗಬೇಕೆಂದು ಗೊತ್ತುಮಾಡುವುದು. ಮತ್ತೊಂದು ಮೂಟೆಯ ಫೋಟೋ ನೋಡಿ ದರ್ಜೆ ಹೇಳುವುದು. ಇವುಗಳ ಮೇಲೆ ಕೂತು ಎಲ್ಲರನ್ನೂ, ನಮ್ಮನ್ನೂ ಸೇರಿಸಿ, ಗಮನಿಸುವ ಒಂದು ಹಿರಿಯ ಏಜೆಂಟು. ಮನುಷ್ಯರ ಅಡ್ಡಿಯಿಲ್ಲದೆ ಇವು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಕೆಲಸ ಮುಗಿಸುತ್ತವೆ ಎಂದು ಬೆಂಗಳೂರಿನಿಂದ ಬಂದ ಮೇಡಂ ಹೇಳಿದರು. "ನಮ್ಮ ಬೆನ್ನ ಹಿಂದೆ ಮಾತಾಡಿಕೊಳ್ತವೆ ಅನ್ನಿ" ಎಂದು ಇವರು ತಲೆಯಾಡಿಸಿದರು.

ಫೋನು ಮಾಡುವ ಏಜೆಂಟಿಗೆ ಹೆಣ್ಣಿನ ದನಿ. ಎಲ್ಲರೆದುರು ಅದನ್ನು ಮಾತಾಡಿಸಿ ತೋರಿಸಿದರು. "ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಎಂದಿತು.

ಇವರು ಫೋನಿನ ಹತ್ತಿರ ಬಗ್ಗಿ, "ಯಾವೂರವ್ವ ನಿಂದು?" ಎಂದು ಕೇಳಿದರು.

ಅದು, ತಾನು ಕಂಪನಿಯ ಸಹಾಯಕಿಯೆಂದೂ ತನಗೆ ಊರಿಲ್ಲವೆಂದೂ ಬಹಳ ನಯವಾಗಿ ಹೇಳಿತು.

"ಯಾರ ಮಗಳು?"

ಆ ಪ್ರಶ್ನೆಗೂ ಅಷ್ಟೇ ನಯವಾದ ಉತ್ತರ. ಇವರು ನೆಟ್ಟಗೆ ಕೂತು, "ಅತಿ ವಿನಯಂ ಧೂರ್ತ ಲಕ್ಷಣಂ" ಎಂದರು. ಮೇಡಂ ನಕ್ಕರು. ಒಳ್ಳೆಯ ಹೆಣ್ಣುಮಗಳು ಆಕೆ, ಸಿಡುಕುತ್ತಿರಲಿಲ್ಲ. ನನಗೂ ನಗು ಬಂತು. ಆದರೆ ಆ ದನಿ ಯಾವತ್ತೂ ಬೇಸರಪಡುವುದಿಲ್ಲ, ಯಾವತ್ತೂ ಏದುಸಿರು ಬಿಡುವುದಿಲ್ಲ ಎನ್ನುವುದು ನನಗೂ ಯಾಕೋ ಹಿಡಿಸಲಿಲ್ಲ. ರೈತರು ಅದಕ್ಕೆ 'ಫೋನಮ್ಮ' ಎಂದು ಹೆಸರಿಟ್ಟರು. "ಫೋನಮ್ಮ ಬೆಳಿಗ್ಗೇನೆ ಮಾತಾಡುಸ್ಬುಟ್ಟು ಓದ್ಲು ಕಣ್ ಸಾ" ಎನ್ನುತ್ತಿದ್ದರು.

ಫೋಟೋ ನೋಡುವ ಏಜೆಂಟು ಮೊದಮೊದಲು ಸರಿಯಾಗಿ ಟೋಪಿ ಹಾಕಿಸಿಕೊಂಡಿತು. ಮೇಲೆ ಒಳ್ಳೆಯ ಹೂವಿಟ್ಟು ಫೋಟೋ ಹೊಡೆದರೆ 'ಉತ್ತಮ' ಎಂದುಬಿಡುತ್ತಿತ್ತು. ಅದು ಉತ್ತಮ ಎಂದ ಮೂಟೆಗೆ ಇವರು ಕೈ ಇಳಿಸಿ, ನೀರು ತೊಟ್ಟಿಕ್ಕುವ ಹೂ ಎಳೆದು ನನ್ನ ಮುಖದ ಮುಂದೆ ಹಿಡಿದು, "ನೋಡ್ಲಾ, ನಿಮ್ಮ ಬುದ್ಧಿವಂತ ಉತ್ತಮ ಅಂದಿರೋದು!" ಎಂದು ಗಹಗಹಿಸಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ನಗು ಬಹಳ ದಿನ ಬಾಳಲಿಲ್ಲ. ಕಾರ್ಖಾನೆಯಲ್ಲಿ ಹೂ ಒಣಗಿಸಿದ ಮೇಲಿನ ತೂಕವನ್ನು ಇಲ್ಲಿನ ತೂಕದೊಂದಿಗೆ ಹೋಲಿಸಿ ನೋಡುವುದನ್ನು ಅದು ಕಲಿತುಬಿಟ್ಟಿತು. ನೀರು ಹಾಕುವವರೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ನಮ್ಮ ಕೈಗೆ ಸಿಗದ ಎಷ್ಟೋ ಕಳ್ಳರು ಅದಕ್ಕೆ ಸಿಕ್ಕಿದರು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಒಂದು ಊರಿನಲ್ಲಿ ಒಂದಿಬ್ಬರು ನೀರು ಹಾಕಿದ್ದರೆ ಆ ಊರಿನಿಂದ ಬರುವ ಮೂಟೆಗಳಿಗೆಲ್ಲ ಒಂದು ದರ್ಜೆ ಕೆಳಗೆ ಹಾಕತೊಡಗಿತು. ಒಣ ಹೂ ತಂದವರು ಬಂದು ಜಗಳವಾಡಿದರು. ಯಾರೊಂದಿಗೆ ಆಡುವುದು? ಫೋನಮ್ಮ ನಿಮ್ಮ ಅಸಮಾಧಾನ ದಾಖಲಿಸಿಕೊಂಡಿದ್ದೇನೆ ಎನ್ನುತ್ತಿದ್ದಳು.

ಆ ದಿನ ಅವರು ಕಚೇರಿಯ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ ಮಾತು ಇದು: "ನಾನು ಮನುಷ್ಯನ ಅನುಮಾನುಸ್ತೀನಿ ಕಣಯ್ಯ. ಇದು ಊರ್ನೇ ಅನುಮಾನುಸ್ತದೆ. ನನ್ನ ಅನುಮಾನ ಮೂಟೆ ಬಿಚ್ಚಿ ನೋಡಿದ್ ಮ್ಯಾಲೆ ಮುಗೀತದೆ. ಇದ್ರದ್ದು ಮುಗಿಯಕಿಲ್ಲ." ನಾನು ಆಗ, ಕೆಲಸ ಕಳೆದುಕೊಳ್ಳುವ ಭಯಕ್ಕೆ ಹೀಗೆಲ್ಲ ಆಡುತ್ತಾರೆ ಎಂದುಕೊಂಡೆ.

ಕಾಡಂಚಿನ ಆ ಊರಿನ ತಕರಾರು ಶುರುವಾದದ್ದು ಇದರ ನಂತರ. ಫೋನಮ್ಮ ಕೇಳಿದರೆ ಸಣ್ಣಮ್ಮನ ಗುಂಪಿನವರು 'ನಾಳೆ ಕೀಳ್ತೀವಿ' ಎನ್ನುವರು. ಕೆಲವೊಮ್ಮೆ ಲಾರಿ ಹೋದರೆ ಹೊಲದಲ್ಲಿ ಒಬ್ಬರೂ ಇಲ್ಲ. ಲಾರಿ ಖಾಲಿ ವಾಪಸು. ಯಾಕೆ ಕೀಳಲಿಲ್ಲ ಎಂದು ಫೋನಮ್ಮ ಕೇಳಿದರೆ ಊರಿಗೆ ಊರೇ ಮಾತಾಡದೆ ಫೋನಿಡುವುದು. ಅದೇ ಸಂಜೆ ಹೂ ಮಾತ್ರ ಮೂಟೆಗಟ್ಟಲೆ ಬಂದು ರಸ್ತೆ ಬದಿಯಲ್ಲಿ ಕೂರುವುದು. ಚೆಂಡು ಹೂವನ್ನು ಒಂದು ರಾತ್ರಿ ಒತ್ತಿ ತುಂಬಿಟ್ಟರೆ ಒಳಗೇ ಕಾವು ಹುಟ್ಟಿ ಕೊಳೆಯುತ್ತದೆ. ಆ ಊರಿಗೆ ಸಂಜೆ ಲಾರಿ ಕಳಿಸಬೇಕಿಲ್ಲ, ಅವರು ಮಾತಿಗೆ ತಪ್ಪಿದವರು ಎಂದು ಏಜೆಂಟು ತೀರ್ಮಾನಿಸುವುದು. ನಮ್ಮ ಸಾಹೇಬರು ಅದರ ತೀರ್ಮಾನ ತಳ್ಳಿಹಾಕಿ, ಡ್ರೈವರಿಗೆ ತಾವೇ ಫೋನು ಮಾಡಿ ಲಾರಿ ಕಳಿಸುವರು. ಮ್ಯಾನೇಜರಿಗೆ ಆ ಅಧಿಕಾರವಿತ್ತು. ಆದರೆ ತಳ್ಳಿಹಾಕಿದರೆ ಪರದೆಯ ಮೇಲೆ 'ಕಾರಣ?' ಎಂದು ಬರುತ್ತಿತ್ತು. ಇವರು ಏನನ್ನೂ ಬರೆಯುತ್ತಿರಲಿಲ್ಲ. ಪ್ರತಿ ಸಲವೂ ಖಾಲಿ.

ಹಿರಿಯ ಏಜೆಂಟು ಇದನ್ನು ಹಿಡಿಯಿತು. ಈ ಮ್ಯಾನೇಜರು ಒಂದೇ ಊರಿನ ಪರವಾಗಿ ಪದೇ ಪದೇ, ಕಾರಣ ಕೊಡದೆ ತೀರ್ಮಾನ ಬದಲಿಸುತ್ತಿದ್ದಾರೆ, ಗಮನಿಸಿ ಎಂದು ಬೆಂಗಳೂರಿಗೆ ತಿಳಿಸಿತು. ಮುಂದಿನ ಹಂಗಾಮಿಗೆ ಆ ಊರನ್ನು ಕೈಬಿಡಬಹುದು ಎಂದೂ ಸೇರಿಸಿತು. ಅಲ್ಲಿ ಬೇರೆ ಕೊಳ್ಳುವವರಿಲ್ಲ. ಜೋಳ, ರಾಗಿ ಹಾಕಿದರೆ ಆನೆ, ಹಂದಿ ಬಿಡುವುದಿಲ್ಲ. ಚೆಂಡು ಹೂವನ್ನು ಅವು ಮುಟ್ಟುವುದಿಲ್ಲವೆಂದೇ ಆ ಜನ ಅದಕ್ಕೆ ಜೋತುಬಿದ್ದಿದ್ದರು. ಕಂಪನಿ ಬಿಟ್ಟರೆ ಊರು ಮುಗಿದಂತೆ.

ನನಗೂ ಅನುಮಾನ ಹತ್ತಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೇ? ಸಣ್ಣಮ್ಮನ ಮನೆಯ ಮಜ್ಜಿಗೆ ನೆನಪಾಯಿತು. ಕೆಲವು ಬೆಳಿಗ್ಗೆ ಇವರು ಕಚೇರಿಗೆ ಬಾರದೆ, ಬಿಳಿ ಪಂಚೆ ಉಟ್ಟು ಸರಗೂರಿನ ಬಸ್ಸು ಹತ್ತಿದ್ದನ್ನು ನಮ್ಮ ಹುಡುಗರು ಕಂಡಿದ್ದರು. ಪ್ಯಾಂಟು ಬಿಟ್ಟು ಬೇರೆ ಉಡದವರು ಪಂಚೆ ಯಾಕೆ ಉಟ್ಟರು? ಅನುಮಾನಿಸುವುದನ್ನು ನನಗೆ ಕಲಿಸಿದವರೇ ಅವರು, ಈಗ ಅದು ಅವರ ಮೇಲೆಯೇ ತಿರುಗಿತ್ತು. ಒಂದು ದಿನ ಧೈರ್ಯ ಮಾಡಿ, "ಕಾರಣ ಬರೆದುಬಿಡಿ ಸಾರ್, ನಿವೃತ್ತಿಯ ಹೊತ್ತಿಗೆ ಕೆಟ್ಟ ಹೆಸರು ಯಾಕೆ?" ಎಂದೆ.

"ನೀನೂ ಅನುಮಾನ ಪಡ್ತಿದ್ದೀಯೇನಯ್ಯ?"

ನಾನು ಮೇಜಿನ ಮೇಲಿನ ತೂಕದ ಚೀಟಿಗಳನ್ನು ಜೋಡಿಸತೊಡಗಿದೆ.

"ಒಳ್ಳೇದು. ಪಡು" ಎಂದು ಹೊರಟುಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ವಿಚಾರಣೆಗೆ ಅದೇ ಮೇಡಂ ಬಂದರು. ಕಡತ ನೋಡಿ ಕೂರುವ ಜಾಯಮಾನ ಆಕೆಯದಲ್ಲ. ಮೈಸೂರಿನಲ್ಲಿ ಉಳಿದುಕೊಂಡು, ಮುಂದಿನ ಸಲ ಆ ಊರು ಕೈಕೊಟ್ಟ ದಿನವೇ ನೋಡೋಣ ಎಂದು ಕಾದರು. ಹಾಗೊಂದು ಬೆಳಿಗ್ಗೆ ಏಜೆಂಟು ಆ ಊರಿನಲ್ಲಿ ಕೊಯ್ಲಿಲ್ಲ ಎಂದ ಕೂಡಲೇ ಕಾರು ತಂದರು. ಮೇಡಂ, ಸಾಹೇಬರು, ನಾನು ಹೊರಟೆವು. ಮೇಡಂ ಕಾರು ತರುವಷ್ಟರಲ್ಲಿ ಇವರು ಹೇಗೋ ಪಂಚೆಗೆ ಬದಲಾಯಿಸಿಕೊಂಡಿದ್ದರು.

ಊರ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಹೂವಿನ ಹೊಲ. ಅಷ್ಟೂ ಅರಳಿ ನಿಂತಿದೆ, ಒಂದು ನರಪಿಳ್ಳೆಯಿಲ್ಲ. ಕಾರಿನ ಗಾಜು ಇಳಿಸಿದಾಗ ತಮಟೆ ಕೇಳಿಸಿತು. ಮೇಡಂ ಹಬ್ಬವೇ ಎಂದು ಕೇಳಿದರು. ಅದು ಹಬ್ಬದ ಬಡಿತವಲ್ಲ ಎಂದು ನನಗೆ ಗೊತ್ತಾಯಿತು.

ಊರಿನಲ್ಲಿ ಹೆಣವಿದ್ದಾಗ ಹೊಲಕ್ಕೆ ಕಾಲಿಡಬಾರದು. ಈ ಪದ್ಧತಿ ನಮ್ಮ ಪಿರಿಯಾಪಟ್ಟಣದ ಕಡೆಯೂ ಇತ್ತು. ಈಗ ಸತ್ತವರ ಬೀದಿಯವರು ಮಾತ್ರ ಉಳಿಯುತ್ತಾರೆ, ಮಿಕ್ಕವರು ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಈ ಊರಿನವರು ಮಾತ್ರ ಬಿಟ್ಟಿರಲಿಲ್ಲ. ಯಾವ ಮನೆಯ ಸಾವಾದರೂ ಮಣ್ಣಾಗುವವರೆಗೆ ಇಡೀ ಊರು ನಿಲ್ಲಬೇಕು. ಆ ದಿನ ಕೀಳುವುದು ಒಂದೇ ಒಂದು ಚೀಲ ಹೂ, ಚಟ್ಟಕ್ಕೆ ಹಾಕುವುದಕ್ಕೆ. ಅದು ಕಂಪನಿಯ ಹೂವೇ. ಅಂದು ಹೋದದ್ದು ಒಬ್ಬ ಮುದುಕ. ನಾವು ಅವನ ಜಗಲಿಯ ಮುಂದೆ ನಿಂತೆವು. ಇವರು ಒಂದು ಹಿಡಿ ಹೂ ತೆಗೆದುಕೊಂಡು ಹೆಣದ ಮೇಲೆ ಹಾಕಿ, ಅವನ ಮಗನ ಭುಜ ಹಿಡಿದು ನಿಂತರು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಅದು ಚೆಂದದ ಮಾತಾದೀತು. ನಿಜವಾಗಿ ಆದದ್ದು ನಿರಾಳ. ಬೇಲಿ ಹೊಲ ಮೇದಿರಲಿಲ್ಲ.

ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಹೊಲಕ್ಕಿಳಿಯಿತು. ಒದ್ದೆ ಕೂದಲ ಹೆಂಗಸರು ಸಾಲು ಹಿಡಿದು ಕೀಳತೊಡಗಿದರು. ಮೇಡಂ ಸಣ್ಣಮ್ಮನ ಹತ್ತಿರ ಹೋಗಿ, "ಫೋನಲ್ಲಿ ಕೇಳಿದಾಗ ಸಾವಾಗಿದೆ ಅಂತ ಹೇಳಬಹುದಿತ್ತಲ್ಲ?" ಎಂದರು.

"ಫೋನಮ್ಮಂಗಾ?" ಸಣ್ಣಮ್ಮ ಕೈ ನಿಲ್ಲಿಸಲಿಲ್ಲ. "ಸಾಹೇಬ್ರಿಗೆ ಯೋಳ್ತೀವಿ. ಅವ್ಳು ಅಳ್ತಾಳಾ ಬುಡಿ. ಸಾವಿನ ಸುದ್ದಿ ಯೋಳ್ಬೇಕು ಅಂದ್ರೆ ಅತ್ಲಾಗಿಂದ ಒಂದು 'ಅಯ್ಯೋ' ಆದ್ರೂ ಬರ್ಬೇಕಲ್ವಾ ಅವ್ವ?"

ಮೇಡಂ ಇವರ ಕಡೆ ತಿರುಗಿದರು. "ಸರಿ ಸಾರ್, ಇದು ನ್ಯಾಯವಾದ ಕಾರಣ. ನೀವು ಇದನ್ನ ಬರೆದಿದ್ದರೆ ಏಜೆಂಟೇ ಕಲಿತುಕೊಳ್ಳುತ್ತಿತ್ತು. ಸಾವಾದ ದಿನ ತಾನಾಗಿಯೇ ಸಂಜೆ ಲಾರಿ ಕಳಿಸುತ್ತಿತ್ತು. ಯಾಕೆ ಬರೀಲಿಲ್ಲ?"

"ಕಲೀತದೆ ಅಂತಲೇ ಬರೀಲಿಲ್ಲ ಮೇಡಂ."

"ಅಂದರೆ?" ಎಂದರು ಆಕೆ.

"ಮೊದ್ಲು ಸಂಜೆ ಲಾರಿ ಕಳ್ಸೋದು ಕಲೀತದೆ, ಒಪ್ಕೋತೀನಿ. ಆಮ್ಯಾಲೆ? ಈ ಊರಲ್ಲಿ ಮುದುಕ್ರು ಜಾಸ್ತಿ ಅವ್ರೆ, ಇಲ್ಲಿ ಲಾರಿ ಸುಮ್ನೆ ಓಡಾಡ್ತದೆ, ಮುದುಕ್ರು ಕಮ್ಮಿ ಇರೋ ಊರು ನೋಡು ಅಂತದೆ. ಒಬ್ಬ ನೀರು ಆಕುದ್ರೆ ಊರ್ಗೇ ದರ್ಜೆ ಇಳಿಸ್ಲಿಲ್ವಾ? ಅದ್ರ ತಪ್ಪಲ್ಲ ಮೇಡಂ. ಅದ್ಕೆ ನೀವು ಯೋಳಿರೋದು ಲಾರಿ ಖಾಲಿ ಬರ್ಬಾರ್ದು ಅಂತ. ಅದು ನಿಯತ್ತಾಗಿ ಮಾಡ್ತದೆ. ಅದ್ಕೇ ಭಯ."

"ಅದು ಹಾಗೆ ಮಾಡೋದಿಲ್ಲ ಸಾರ್."

"ತಳ ನೋಡಿದ್ದೀರಾ?"

ಮೇಡಂ ಹೂ ಕೀಳುವವರ ಕಡೆ ತಿರುಗಿದರು. ಇಲ್ಲದ ಭರವಸೆ ಕೊಡದಿದ್ದುದಕ್ಕೆ ನಾನು ಆಕೆಯನ್ನು ಇಂದಿಗೂ ಗೌರವಿಸುತ್ತೇನೆ. "ಇಲ್ಲ ಸಾರ್" ಎಂದರು. "ಅದು ಮುಂದೆ ಏನು ಕಲಿಯುತ್ತೆ ಅಂತ ನನಗೂ ಪೂರ್ತಿ ಗೊತ್ತಿಲ್ಲ."

ಆ ಊರು ಉಳಿಯಿತು. ಅಲ್ಲಿನ ಲಾರಿಯ ತೀರ್ಮಾನ ಶಾಖೆಯ ಮ್ಯಾನೇಜರಿಗೆ ಬಿಟ್ಟದ್ದು, ಕಾರಣ ಬರೆಯುವುದು ಕಡ್ಡಾಯವಲ್ಲ ಎಂದು ಮೇಡಂ ಮೇಲಿನವರನ್ನು ಒಪ್ಪಿಸಿದರು. ಏಜೆಂಟು ಮಾತ್ರ ಕೇಳುವುದನ್ನು ಬಿಡಲಿಲ್ಲ. ಅದಕ್ಕೆ ಕೇಳುವುದೇ ಕೆಲಸ. ಅವರು ನಿವೃತ್ತರಾದ ಮೇಲೆ ಆ ಕುರ್ಚಿ ನನಗೆ ಬಂತು. ಹೋಗುವ ದಿನ ಹಾರ ಹಾಕಿದೆವು. ಹಾರವನ್ನು ಹಿಂಡಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಅದು ದಿನಾ ಕೇಳ್ತದೆ. ಒಂದು ದಿನ ನಿಂಗೆ ಬೇಜಾರಾಯ್ತದೆ. ಬರ್ದು ಬುಡಾನ ಅನ್ನುಸ್ತದೆ. ಅವತ್ತು ಉಷಾರು ಕಣಯ್ಯ" ಎಂದರು. ನನ್ನ ಮೇಲೆ ಇನ್ನೂ ಅನುಮಾನವಿತ್ತು. ಇರಲಿ.

ಈ ಸಲದ ಹೂವಿನ ಕಾಲದಲ್ಲಿ ಅವರು ಹೋದರು. ಬೆಳಿಗ್ಗೆ ಅವರ ಮಗಳು ಫೋನು ಮಾಡಿದಳು, ನಿದ್ದೆಯಲ್ಲೇ ಆಗಿತ್ತಂತೆ. ನಾನು ಹೊರಡುವುದರಲ್ಲಿದ್ದೆ, ಆಗಲೇ ಏಜೆಂಟಿನ ಕರೆ. ಸರಗೂರಿನ ಆಚೆಯ ಊರಿನಲ್ಲಿ ಇಂದು ಕೊಯ್ಲಿಲ್ಲ, ಕಾರಣ ತಿಳಿಸಿ ಎಂದು ಅದೇ ನಯದ ದನಿ. ಅಯ್ಯೋ, ಅಲ್ಲಿಯೂ ಯಾರೋ ಹೋದರು, ಒಂದೇ ದಿನ ಎರಡು ಸಾವು ಎಂದುಕೊಂಡೆ. ಸಣ್ಣಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ.

ಕೆ.ಆರ್. ನಗರ ದಾಟಿ ಅವರ ಊರು ಸೇರಿದಾಗ ಜಗಲಿಯ ಮೇಲೆ ಮಲಗಿಸಿದ್ದರು. ಬಲಗೈ ಹೊದಿಕೆಯ ಹೊರಗಿತ್ತು. ಹೂ ಮುಟ್ಟಿ ವರ್ಷ ಕಳೆದಿದ್ದರಿಂದ ಅದು ಎಡಗೈಯಷ್ಟೇ ತಿಳಿಯಾಗಿತ್ತು. ಹೂವಿನ ಕಾಲದಲ್ಲಿ ಆ ಕೈಯನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ನನಗೆ ಅಳು ಬಂದದ್ದು ಅದನ್ನು ಕಂಡು. ಅಷ್ಟರಲ್ಲಿ ಬಸ್ಸಿಳಿದು ನಾಲ್ಕಾರು ಹೆಂಗಸರು ಬಂದರು, ಮುಂದೆ ಸಣ್ಣಮ್ಮ, ತಲೆಯ ಮೇಲೆ ಒಂದು ಚೀಲ.

"ನಿಮ್ಮೂರಲ್ಲಿ ಯಾರು ಹೋದ್ರು ಸಣ್ಣಮ್ಮ?" ಎಂದೆ.

ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಇದ್ಯಾಕ್ ಸಾ ಇಂಗಂತೀರಿ? ಇವ್ರೇ ಓಗಿರೋದು. ನಮ್ಮೂರಲ್ಲಿ ಯಾರೂ ಒಲಕ್ಕೆ ಇಳ್ದಿಲ್ಲ. ಇಲ್ಲಿ ಮಣ್ಣಾದ್ ಮ್ಯಾಲೆ ನಾನು ಊರ್ಗೆ ಫೋನ್ ಮಾಡ್ಬೇಕು, ಆಗ ಕೀಳಕ್ಕೆ ಸುರು ಮಾಡ್ತರೆ. ಸಂಜೆ ಲಾರಿ ಕಳ್ಸಿ ಸಾ."

ನಾನು ಅಂಗಳದ ಮೂಲೆಗೆ ಹೋಗಿ ಡ್ರೈವರಿಗೆ ಹೇಳಿದೆ. ಪರದೆಯ ಮೇಲೆ 'ಕಾರಣ?' ಎಂದು ಬಂತು. ಅಷ್ಟು ದೊಡ್ಡ ಕಾರಣ ನನ್ನ ಬಳಿ ಹಿಂದೆ ಯಾವತ್ತೂ ಇರಲಿಲ್ಲ. ಖಾಲಿ ಬಿಟ್ಟು ಫೋನು ಜೇಬಿಗೆ ಹಾಕಿಕೊಂಡು ಬಂದೆ.

ಸಣ್ಣಮ್ಮ ಚೀಲದ ಬಾಯಿ ಬಿಚ್ಚಿದ್ದಳು. ಕಂಪನಿಯ ಬೀಜದ, ಕಂಪನಿಯ ಹೂವು. ಹಾಕಲು ಒಂದು ಹಿಡಿ ತೆಗೆದುಕೊಳ್ಳಲು ಹೋದೆ. ಅವಳು ಚೀಲವನ್ನು ನನ್ನ ಕಡೆ ವಾಲಿಸಿ, "ಮ್ಯಾಲಿಂದ ತಗೀಬ್ಯಾಡಿ ಸಾ. ತಳ ನೋಡಿ. ಅವ್ರು ಇದ್ದಿದ್ರೆ ನೋಡದೆ ಇರೋರಾ?" ಎಂದಳು.

ಅಂಗಿಯ ತೋಳು ಮೇಲಕ್ಕೆ ಸುತ್ತಿ, ಎಲ್ಲರೆದುರು, ಭುಜದವರೆಗೆ ಕೈ ಇಳಿಸಿದೆ. ತಳದವರೆಗೂ ಒಣಗಿತ್ತು.